ಗಾಜಿನಕ್ಕನ ಐವತ್ತೇಳು ಸೊನ್ನೆಗಳು

ಗಾಜಿನಕ್ಕ ಕೆಲಸಕ್ಕೆ ಸೇರಿದ ದಿನ ಅವರಿಗೆ ಸಿಕ್ಕಿದ್ದು ಎರಡೇ: ಒಂದು ಜೊತೆ ಹತ್ತಿಯ ಕೈಗವಸು, ಒಂದು ಬುದ್ಧಿಮಾತು. "ಗಾಜಿನ ಮುಂದೆ ಮಾತಾಡುವಾಗ ಮುಖ ಆ ಕಡೆ ತಿರುಗಿಸಿ, ಎಂಜಲು ಹಾರುತ್ತೆ." ಕೈಗವಸು ಆರು ತಿಂಗಳಿಗೆ ಹರಿಯಿತು. ಬುದ್ಧಿಮಾತು ಮೂವತ್ತೊಂದು ವರ್ಷ ಬಾಳಿಕೆ ಬಂತು. ಕೊನೆಕೊನೆಗೆ ಅವರು ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ ಕಂಡಕ್ಟರಿಗೆ ಕಿವಿ ತೋರಿಸಿ, ಕಿಟಕಿಗೆ ಬಾಯಿ ತೋರಿಸುತ್ತಿದ್ದರಂತೆ. ಗೊತ್ತಿಲ್ಲದವರು "ಏನು ಜಂಭ ಈ ಹೆಂಗಸಿಗೆ" ಅಂದುಕೊಳ್ಳುತ್ತಿದ್ದರು. ಗೊತ್ತಿದ್ದ ನಾವು ಅವರ ಎಡಗಿವಿಗೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದೆವು.

ನಮ್ಮದು ನಕ್ಷತ್ರ ನೋಡುವ ಸಂಸ್ಥೆ. ಹಾಗಂತ ನಕ್ಷತ್ರ ನೋಡುವವರು ನಮ್ಮ ಕಟ್ಟಡದಲ್ಲಿ ಯಾರೂ ಇರಲಿಲ್ಲ. ದೂರದರ್ಶಕ ಇದ್ದದ್ದು ಅಲ್ಲೆಲ್ಲೋ ಬೆಟ್ಟದ ಮೇಲೆ. ಅಲ್ಲಿ ತೆಗೆದ ಚಿತ್ರಗಳು ಮಾತ್ರ ಮರದ ಪೆಟ್ಟಿಗೆಯಲ್ಲಿ, ಹುಲ್ಲಿನ ಮೆತ್ತೆಯ ನಡುವೆ ಕೂತು, ವ್ಯಾನಿನಲ್ಲಿ ಪಟ್ಟಣದ ನಮ್ಮ ಕಚೇರಿಗೆ ಇಳಿದು ಬರುತ್ತಿದ್ದವು. ಆಗ ಚಿತ್ರ ಎಂದರೆ ಗಾಜು, ಊಟದ ತಟ್ಟೆಯಗಲದ ಚೌಕ ಗಾಜು. ಅದರ ಒಂದು ಮುಖಕ್ಕೆ ಬೆಳಕು ತಾಕಿದರೆ ಕಪ್ಪಾಗುವ ಪದರ ಬಳಿದಿರುತ್ತಾರೆ; ಅದು ಚಿತ್ರದ ಮುಖ. ಇನ್ನೊಂದು ಬರಿಯ ಗಾಜು. ಅದಕ್ಕೆ ಬೆನ್ನು ಅನ್ನುತ್ತಿದ್ದೆವು. ಬೆಳಕು ತಾಕಿದ್ದು ಕಪ್ಪಾಗುವುದರಿಂದ ನಮ್ಮಲ್ಲಿ ಆಕಾಶ ಬಿಳಿ, ನಕ್ಷತ್ರ ಕಪ್ಪು. ಹೊಸಬರು ಬಂದು ಕಣ್ಣು ಕಿರಿದು ಮಾಡಿದರೆ ಗಾಜಿನಕ್ಕ ಗೋಡೆಯ ಕಡೆ ತಿರುಗಿ, "ಇಲ್ಲಿ ಎಲ್ಲಾ ಉಲ್ಟಾ ಕಣ್ರೀ. ಬೆಳಗಿದವರಿಗೇ ಮಸಿ" ಅನ್ನುತ್ತಿದ್ದರು.

ಆ ಮಾತು ಮುಂದೆ ಅವರಿಗೇ ತಾಕುತ್ತದೆ, ತಾಕಿಸುವವನು ನಾನಾಗುತ್ತೇನೆ ಎಂದು ಆಗ ಯಾರಿಗೆ ಗೊತ್ತಿತ್ತು?

ಗಾಜಿನಕ್ಕ ಗಡಿಯಾರ ರಿಪೇರಿಯವರ ಮಗಳು. ಅಪ್ಪ ಅಂಗಡಿಯಲ್ಲಿ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗನ್ನಡಿ ಅಣ್ಣನಿಗೆ ಹೋಗಬೇಕಿತ್ತು. ಅಣ್ಣ ಅಂಗಡಿ ಮುಚ್ಚಿ ಲಾರಿ ಆಫೀಸು ಸೇರಿದ್ದರಿಂದ ತಂಗಿಗೆ ಬಂತು. ಅವರ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಪ್ರಾಣಸಂಕಟ. ಒಂದೇ ಜಾಗದ ಎರಡು ಗಾಜುಗಳನ್ನು, ಒಂದು ಹಳೆಯದು, ಒಂದು ಹೊಸದು, ಒಂದು ಯಂತ್ರದಲ್ಲಿ ಪಕ್ಕಪಕ್ಕ ಇಡಬೇಕು. ಯಂತ್ರದ ಸಣ್ಣ ಕನ್ನಡಿ ಟಕ್ ಟಕ್ ಎಂದು ಆಚೀಚೆ ಆಡುತ್ತದೆ. ಒಂದೇ ಕಣ್ಣಿಗೆ ಇದು, ಅದು, ಇದು, ಅದು ಎಂದು ತೋರಿಸುತ್ತದೆ. ಎರಡರಲ್ಲೂ ಒಂದೇ ಥರ ಇರುವ ಸಾವಿರಾರು ಚುಕ್ಕೆಗಳು ಸುಮ್ಮನೆ ನಿಂತಿರುತ್ತವೆ. ನಡುವೆ ಪ್ರಕಾಶ ಬದಲಿಸಿಕೊಂಡ ಒಂದೇ ಒಂದು ಚುಕ್ಕೆ ಕಣ್ಣು ಮಿಟುಕಿಸುತ್ತದೆ. ಅದನ್ನು ಹಿಡಿದು, ಗಾಜಿನ ಬೆನ್ನಿನ ಮೇಲೆ, ಸಾಸಿವೆಗಿಂತ ಸಣ್ಣ ಸೊನ್ನೆಯೊಂದನ್ನು ಶಾಯಿಯಲ್ಲಿ ಸುತ್ತಬೇಕು. ಅಷ್ಟೇ ಕೆಲಸ. ಮದುವೆಯಾಗದೆ ಉಳಿದ ಅವರನ್ನು ಮನೆಯಲ್ಲಿ ಅತ್ತಿಗೆ, "ಸಾಲು ಸಾಲು ನಕ್ಷತ್ರ ನೋಡಿದೆ, ಒಬ್ಬನಾದರೂ ಕಣ್ಣು ಹೊಡೆದನಾ?" ಎಂದು ಕೆಣಕಿದರೆ, "ದಿನಾ ಹೊಡೀತಾರೆ ಅತ್ತಿಗೆ, ಲೆಕ್ಕ ಬರೆದಿಟ್ಟಿದ್ದೀನಿ" ಅನ್ನುತ್ತಿದ್ದರು.

ಈ ಕಣ್ಣು ಹೊಡೆಯುವವರ ದೊಡ್ಡ ಸಂಸಾರ ಅವರಿಗೆ ಸಿಕ್ಕಿದ್ದು ಒಂದೇ ಒಂದು ಮೋಡದಲ್ಲಿ. ಆಕಾಶದಲ್ಲಿ ಅನಿಲ, ಧೂಳು ಕೂಡಿಕೊಂಡು ಮೋಡದಂತೆ ತೇಲುವ ಜಾಗಗಳಿವೆ. ನಕ್ಷತ್ರಗಳು ಹುಟ್ಟುವುದು ಅವುಗಳ ಹೊಟ್ಟೆಯಲ್ಲೇ. ಗಾಜಿನಕ್ಕನ ಮೋಡದ ಪಕ್ಕದಲ್ಲಿ ಒಂದು ಭಾರೀ ನಕ್ಷತ್ರ ಇತ್ತು. ನಮ್ಮ ಸೂರ್ಯನಂಥ ಇಪ್ಪತ್ತು ಮೂವತ್ತನ್ನು ಒಂದೇ ಚೀಲಕ್ಕೆ ತುರುಕಿದಂಥದ್ದು, ನೀಲಿ ಬಿಳುಪಿನದ್ದು, ಉರಿ ಎಂದರೆ ಉರಿ. ಅಂಥದ್ದರ ಬೆಳಕು ಸಾಮಾನ್ಯದ್ದಲ್ಲ. ನಮ್ಮ ಚರ್ಮ ಸುಡುವ ನೇರಳಾತೀತ ಕಿರಣವೇ ಅದರಲ್ಲಿ ಹೆಚ್ಚು. ಆ ಬೆಳಕು ತಾಕಿದ ಕಡೆ ಮೋಡದ ಸಿಪ್ಪೆ ಕಾದು, ಕುದ್ದು, ಆವಿಯಾಗಿ ಹಾರಿಹೋಗುತ್ತದೆ. ಹಾಗಾಗಿಯೇ ಅಂಥ ನಕ್ಷತ್ರದ ಸುತ್ತಮುತ್ತ ಮೋಡ ಗುಡಿಸಿಟ್ಟ ಅಂಗಳದಂತೆ ಖಾಲಿ ಇರುತ್ತದೆ. ಗಟ್ಟಿ ಗಂಟುಗಳು ಮಾತ್ರ ಹಟ ಹಿಡಿದು ನಿಂತು, ತಮ್ಮ ಬೆನ್ನ ಹಿಂದಿನ ಮೋಡಕ್ಕೆ ನೆರಳಾಗಿ, ಕಂಬಗಳಂತೆ ಉಳಿಯುತ್ತವೆ.

ಇಷ್ಟನ್ನು ನಾನೇ ನಮ್ಮ ಸಂಸ್ಥೆಯ ಪುಸ್ತಿಕೆಯಲ್ಲಿ ಬರೆದಿದ್ದೆ. ಶಾಲೆಯ ಮಕ್ಕಳು ಬಂದರೆ ಕೊಡುವ ತೆಳು ಪುಸ್ತಿಕೆಗಳು ನನ್ನ ಪಾಲಿನ ಕೆಲಸ. ಕಚೇರಿಯಲ್ಲಿ ನನಗೆ ಕೈಪಿಡಿ ಎಂದೇ ಹೆಸರು. ಒಂದು ದಿನ ಮಧ್ಯಾಹ್ನ ಪುಸ್ತಿಕೆ ಓದಿದ ಗಾಜಿನಕ್ಕ ನನ್ನ ಮೇಜಿನ ಪಕ್ಕ ಬಂದು ನಿಂತು, ಬೀರುವಿಗೆ ಹೇಳಿದರು: "ಕೈಪಿಡಿಯವರೇ, ಅರ್ಧ ಬರೆದಿದ್ದೀರಿ."

"ಕಾಗದ ಅಷ್ಟೇ ಇತ್ತು ಅಕ್ಕ."

"ಮನೇಲಿ ಬಟ್ಟೆ ಇಸ್ತ್ರಿ ಮಾಡೋರು ಯಾರು?"

"ನಾನೇ. ಹೆಂಡತಿ ಮಾಡಿದರೆ ಷರಟಿನ ಮೇಲೆ ಅವಳ ಅಭಿಪ್ರಾಯವೂ ಮೂಡುತ್ತೆ."

"ಒದ್ದೆ ಬಟ್ಟೆ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ರೆ ಏನಾಗುತ್ತೆ? ಆವಿ ಮೇಲಕ್ಕೆ ಹೋಗುತ್ತೆ. ಬಟ್ಟೆ?"

"ಒತ್ತಿಕೊಳ್ಳುತ್ತೆ."

"ಅದನ್ನ ಬರೀಲಿಲ್ಲ ನೀವು. ಸಿಪ್ಪೆ ಆಚೆ ಚಿಮ್ಮಿದರೆ ಒಳಗಿನದು ಹಿಂದಕ್ಕೆ ಒತ್ತಿಕೊಳ್ಳಬೇಕಲ್ವಾ? ಒತ್ತಿಕೊಂಡ ಕಡೆ ಹೊಸದು ಹುಟ್ಟಬಹುದಲ್ವಾ? ನನ್ನ ಮಿಟುಕೋರು ಎಲ್ಲಿದ್ದಾರೆ ಗೊತ್ತಾ? ಮೋಡದ ಅಂಚಲ್ಲೇ. ದೊಡ್ಡದರ ಕಡೆ ಮುಖ ಮಾಡಿರೋ ಅಂಚಲ್ಲೇ. ಬಾಗಿಲ ಮುಂದೆ ಚಪ್ಪಲಿ ಬಿಟ್ಟ ಹಾಗೆ ಸಾಲಾಗಿ."

ಹೊಸದಾಗಿ ಹುಟ್ಟಿದ ನಕ್ಷತ್ರಗಳು ಎಳೆ ಮಕ್ಕಳ ಹಾಗೆ, ಒಂದು ಗಳಿಗೆ ನಗು, ಒಂದು ಗಳಿಗೆ ಅಳು, ಅದಕ್ಕೇ ಮಿಟುಕುತ್ತವೆ. ಅವು ಆ ಅಂಚಿನಲ್ಲೇ ಸಾಲುಗಟ್ಟಿದ್ದರೆ, ಮೋಡವನ್ನು ತಿನ್ನುವ ಬೆಳಕೇ ಮೋಡದಿಂದ ಹೆರಿಸುತ್ತಲೂ ಇದೆ ಎಂದಾಯಿತು. ನಾನು ಹಾಗೇ ಅಂದೆ. ಅವರು ಕೂಡಲೇ ತಡೆದರು.

"ಹೆರಿಸಿದ್ದು ದೊಡ್ಡದೇ ಅಂತ ನಾನು ಹೇಳಲ್ಲಪ್ಪ. ಅವು ತಾವಾಗೇ ಹುಟ್ಟೋವೇ ಇದ್ದಿರಬಹುದು, ಇದು ಬರೀ ಹೊದಿಕೆ ಎಳೆದಿರಬಹುದು. ಸಾಲು ಇದೆ. ಅಷ್ಟು ಮಾತ್ರ ಹೇಳ್ತೀನಿ."

ಇಪ್ಪತ್ತಾರು ವರ್ಷಗಳ ನಲವತ್ತೆರಡು ಗಾಜುಗಳಿಂದ ಅವರು ಹಿಡಿದ ಮಿಟುಕುಗಳು ಐವತ್ತೇಳು. ಅಷ್ಟನ್ನೂ ಒಂದೇ ಗಾಜಿನ ಬೆನ್ನ ಮೇಲೆ ಕೂಡಿಸಿ ಸೊನ್ನೆ ಸುತ್ತಿ, ಅದನ್ನು ತಾಯಿಗಾಜು ಎಂದು ಕರೆಯುತ್ತಿದ್ದರು. ಪ್ರಕಾಶದ ಏರಿಳಿತವೆಲ್ಲ ಒಂದು ನೀಲಿ ರಟ್ಟಿನ ನೋಟುಪುಸ್ತಕದಲ್ಲಿ. ಜಾಗ ಮಾತ್ರ ಗಾಜಿನ ಮೇಲೆ. ಇದು ಎರಡು ಕಡೆ ಇಟ್ಟ ಒಂದೇ ಗಂಟು. ಒಂದು ಹೋದರೆ ಇನ್ನೊಂದು ಬರೀ ಅಂಕಿ.

ನಿರ್ದೇಶಕರಿಗೆ ಈ ಸಾಲಿನ ಮಾತು ಹಿಡಿಸುತ್ತಿರಲಿಲ್ಲ. ಅವರು ದೊಡ್ಡವರು, ಅವರ ಇಡೀ ಹೆಸರು ನಿಂತಿದ್ದು ಭಾರೀ ನಕ್ಷತ್ರಗಳು ಮೋಡಗಳನ್ನು ಹೇಗೆ ಗುಡಿಸಿಹಾಕುತ್ತವೆ ಎಂಬ ಲೆಕ್ಕದ ಮೇಲೆ. ಕೆಟ್ಟವರಲ್ಲ. ಆದರೆ ಅವರು ಕೋಣೆಯೊಳಗೆ ಬಂದರೆ ಉಳಿದವರು ಸ್ವಲ್ಪ ಸ್ವಲ್ಪವೇ ಆವಿಯಾಗುತ್ತಿದ್ದೆವು.

ಹೀಗಿರುವಾಗ ಎಲ್ಲ ಗಾಜುಗಳನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಬೇಕೆಂದು ಆದೇಶ ಬಂತು. ಸ್ಕ್ಯಾನರಿಗೆ ಬೆನ್ನ ಮೇಲಿನ ಶಾಯಿ ಆಗದು, ಒರೆಸಬೇಕು. ಒರೆಸುವ ಮೊದಲು ಗುರುತುಗಳ ಪ್ರತಿ ತೆಗೆಯಬೇಕು. ಗಾಜಿನಕ್ಕನೇ ತೆಗೆಯಬೇಕಿತ್ತು. ಆದರೆ ಅಷ್ಟರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ನಿವೃತ್ತಿಗೆ ಒಂದು ತಿಂಗಳಿತ್ತು. ನನಗೆ ಪುಸ್ತಿಕೆಯ ಕೆಲಸ ಇರಲಿಲ್ಲ. ನನ್ನನ್ನು ಹಾಕಿದರು.

ಅವರು ಪಕ್ಕದಲ್ಲಿ ಕೂತು ಒಂದು ಇಡೀ ಬೆಳಿಗ್ಗೆ ಕಲಿಸಿದರು. ದೀಪದ ಮೇಜಿನ ಮೇಲೆ ಗಾಜನ್ನು ಬೆನ್ನು ಮೇಲಾಗಿ ಇಡುವುದು. ಮೇಲೆ ತೆಳುಕಾಗದ ಅಂಟಿಸುವುದು. ನಾಲ್ಕು ಮೂಲೆಗೆ ನಾಲ್ಕು ಕೂಡುಗುರುತು, ಆಮೇಲೆ ಸೊನ್ನೆಗಳು.

"ಈಗ ಕೇಳಿ. ಇದೇ ಮುಖ್ಯ. ನೀವು ನೋಡ್ತಿರೋದು ಹಿಂದಿನಿಂದ. ಸ್ಕ್ಯಾನರ್ ನೋಡೋದು ಮುಂದಿನಿಂದ. ನಿಮ್ಮ ಎಡ ಅದಕ್ಕೆ ಬಲ. ಅದಕ್ಕೇ ಕಾಗದ ಬಿಡಿಸಿ, ಮಗುಚಿ, ಆಮೇಲೆ ಮೇಲೆ ಬಂದ ಮುಖದ ಮೇಲೆ ಗಾಜಿನ ನಂಬರು ಬರೀಬೇಕು. ನಂಬರು ನೆಟ್ಟಗೆ ಕಂಡ್ರೆ ಕಾಗದ ನೆಟ್ಟಗಿದೆ ಅಂತ ಅರ್ಥ. ಮೊದಲು ಮಗುಚೋದು, ಆಮೇಲೆ ಬರೆಯೋದು. ಏನು?"

"ಮೊದಲು ಮಗುಚೋದು, ಆಮೇಲೆ ಬರೆಯೋದು."

"ನನ್ನ ಕಣ್ಣು ನಿಮ್ಮ ಕೈಲಿದೆ ಕೈಪಿಡಿಯವರೇ."

ಮೊದಲ ದಿನ ಬೇರೆಯವರ ಗಾಜುಗಳು, ಸರಿಯಾಗಿ ಮಾಡಿದೆ. ಎರಡನೆಯ ದಿನ ನನಗೆ ಬುದ್ಧಿವಂತಿಕೆ ಬಂತು. ನನ್ನ ವಿಷಯದಲ್ಲಿ ಅದು ರೋಗ. ಒಂದೊಂದು ಕಾಗದಕ್ಕೂ ಪೆನ್ನು ಕೆಳಗಿಡು, ಅಂಟು ಬಿಡಿಸು, ಮಗುಚು, ಪೆನ್ನು ತೆಗೆ ಎಂದರೆ ಹೊತ್ತು ಹೋಗುತ್ತದೆ. ಪೆನ್ನು ಕೈಲಿದ್ದಾಗಲೇ ಮೂಲೆಯಲ್ಲಿ ನಂಬರು ಬರೆದುಬಿಟ್ಟರೆ? ಬರೆದೆ. ಗಾಜಿನಕ್ಕನ ನಲವತ್ತೆರಡು ಗಾಜಿಗೂ ಹಾಗೇ ಬರೆದೆ. ಮಗುಚುವ ಮಾತು ಬರೆಯುವ ಮಾತಿನ ಹಿಂದೆ ಎಲ್ಲೋ ಬಿದ್ದುಹೋಯಿತು. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಇಪ್ಪತ್ತಾರು ವರ್ಷದ ಶಾಯಿ ಒಂದು ಸಲಕ್ಕೇ ಬಂತು. ಗಾಜಿನ ಮಸಿ ನನ್ನ ಬಟ್ಟೆಗೆ ಬಂತು ಅಂದುಕೊಂಡೆ, ಬಂದದ್ದು ಮುಖಕ್ಕೆ.

ಅವರ ನಿವೃತ್ತಿಯ ಹಿಂದಿನ ವಾರ ಸಭೆ. ಸ್ಕ್ಯಾನ್ ಕೆಲಸದ ಹೊಣೆ ಹೊತ್ತಿದ್ದ ಸ್ಕ್ಯಾನರ್ ಮೇಡಂ ಪರದೆಯ ಮೇಲೆ ತಾಯಿಗಾಜಿನ ಚಿತ್ರ ಹಾಕಿ, ಅದರ ಮೇಲೆ ನನ್ನ ತೆಳುಕಾಗದದ ಸೊನ್ನೆಗಳನ್ನು ಕೆಂಪಾಗಿ ಹೊದಿಸಿದರು. ಮೂಲೆಯ ನಾಲ್ಕು ಗುರುತೂ ಕೂದಲೆಳೆಯಷ್ಟೂ ತಪ್ಪದೆ ಕೂತವು. ಚೌಕ ಗಾಜು ಹಿಂದುಮುಂದಾದರೂ ಚೌಕವೇ ತಾನೆ. ಸೊನ್ನೆಗಳು ಕೂತದ್ದು ಮಾತ್ರ ಎಲ್ಲೆಲ್ಲೋ. ಮೋಡದ ಅಂಚಿನಲ್ಲಲ್ಲ, ಇನ್ನೊಂದು ಮಗ್ಗುಲಿನ ಬಯಲಿನಲ್ಲಿ. ಹೆಚ್ಚಿನವುಗಳ ಒಳಗೆ ಚುಕ್ಕೆಯೇ ಇರಲಿಲ್ಲ.

ನಿರ್ದೇಶಕರು ಒಂದೊಂದನ್ನೇ ಕೋಲಿನಿಂದ ಮುಟ್ಟಿದರು. "ಇಲ್ಲಿ ಏನೂ ಇಲ್ಲ. ಇಲ್ಲೂ ಇಲ್ಲ. ಇಲ್ಲಿ... ಇದು ಏನ್ರೀ, ಖಾಲಿ ಆಕಾಶ." ದನಿಯಲ್ಲಿ ಗೆಲುವಿಗಿಂತ ಮುಜುಗರವೇ ಹೆಚ್ಚಿತ್ತು. ಮುಜುಗರದ ಮೌನ ಎಂದರೆ ನನ್ನಂಥ ಬಾಯಿಬಡುಕನಿಗೆ ಖಾಲಿ ಬಿದ್ದ ಸೈಟಿದ್ದ ಹಾಗೆ, ಏನಾದರೂ ಕಟ್ಟಲೇಬೇಕು. ನಾನಂದೆ: "ಅಕ್ಕ ಮುಂದೆ ಹುಟ್ಟೋ ನಕ್ಷತ್ರಗಳಿಗೆ ಈಗಲೇ ಸೀಟು ಹಿಡಿದಿಟ್ಟಿದ್ದಾರೆ ಸಾರ್, ಕರ್ಚೀಫು ಹಾಕಿ."

ಇಡೀ ಕೋಣೆ ನಕ್ಕಿತು. ನಿರ್ದೇಶಕರೂ ನಕ್ಕರು. ಗಾಜಿನಕ್ಕನೂ ನಕ್ಕರು, ಗೋಡೆಯ ಕಡೆ ತಿರುಗಿ. ಪೊರೆ ಬಂದ ಅವರ ಕಣ್ಣಿಗೆ ಆ ಪರದೆ ಬರೀ ಬೆಳಕಿನ ಚೌಕ. ಅದರ ಮೇಲೆ ಏನಿದೆ ಎಂದು ಅವರಿಗೆ ಕಾಣುವಂತಿರಲಿಲ್ಲ. ಬೇರೆಯವರು ಹೇಳಿದ್ದೇ ಅವರಿಗೆ ಕಂಡದ್ದು.

ನಗು ಇನ್ನೂ ಅಡಗಿರಲಿಲ್ಲ. ಪರದೆಯ ಮೂಲೆಯಲ್ಲಿ ನನ್ನದೇ ಕೈಬರಹದ ನಂಬರು ಕಂಡಿತು. ನೆಟ್ಟಗೆ ಕಾಣುತ್ತಿತ್ತು. ಅದನ್ನು ಬರೆದ ಕ್ಷಣ ನೆನಪಾಯಿತು, ಪೆನ್ನು ಕೈಯಲ್ಲಿ, ಕಾಗದ ಇನ್ನೂ ಗಾಜಿಗೆ ಅಂಟಿಕೊಂಡೇ ಇದ್ದದ್ದು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರಿದ್ದರು. ತಪ್ಪು ಮಾಡಿದವನು ತಾನೇ ಎದ್ದು ನಿಂತರೆ ಶಿಕ್ಷೆ ಅರ್ಧ, ಸಿಕ್ಕಿಬಿದ್ದರೆ ಪೂರ್ತಿ ಅನ್ನುತ್ತಿದ್ದರು. ಏಳಬೇಕಿತ್ತು. "ಸಾರ್, ಕಾಗದ ಮಗುಚಿ ನೋಡಿ" ಎಂದರೆ ಮುಗಿಯುತ್ತಿತ್ತು, ನಾಲ್ಕು ಮಾತು. ತಮಾಷೆಗೆ ಹತ್ತು ಮಾತು ಸಲೀಸಾಗಿ ಬಂದಿದ್ದವು. ಆದರೆ ಈಗ ಎದ್ದರೆ, ನಕ್ಕವರೆಲ್ಲ ತಿರುಗಿ ನೋಡುವುದು ನನ್ನನ್ನು. ಚಹಾ ಬರಲಿ, ಆಮೇಲೆ ಹೇಳೋಣ ಅಂದುಕೊಂಡೆ. ಚಹಾ ಬಂತು. ಸಭೆ ಮುಗಿಯಲಿ ಅಂದುಕೊಂಡೆ. ಮುಗಿಯಿತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೆ ಉಳಿಸಿಕೊಂಡದ್ದೂ ಹೋಗುತ್ತದೆ, ಇನ್ನೂ ದೂರ.

ಮುಂದಿನ ವಾರ ಬೀಳ್ಕೊಡುಗೆ. ಗಾಜಿನಕ್ಕ ಕೈಗವಸು ಮಡಿಸಿ ಮೇಜಿನ ಮೇಲಿಟ್ಟು ಹೋದರು. ಭಾಷಣದಲ್ಲಿ ಯಾರೋ ಕರ್ಚೀಫಿನ ಮಾತನ್ನೇ ಇನ್ನೊಂದು ಸಲ ಹೇಳಿ ನಗಿಸಿದರು. ನನ್ನ ಜನ್ಮದಲ್ಲಿ ಅಷ್ಟು ಹೆಸರು ಮಾಡಿದ ಮಾತು ಇನ್ನೊಂದಿಲ್ಲ.

ಹನ್ನೊಂದು ತಿಂಗಳು. ಈ ನಡುವೆ ಸಾವಿರ ಸಲ ಆ ಕಾಗದವನ್ನು ಮನಸ್ಸಿನಲ್ಲೇ ಮಗುಚಿದ್ದೇನೆ. ಕೈಯಲ್ಲಿ ಒಂದು ಸಲವೂ ಇಲ್ಲ. ಒಂದು ವೇಳೆ ಮಗುಚಿದರೂ ಕೂಡದಿದ್ದರೆ ತಪ್ಪು ನನ್ನದಲ್ಲ, ಕೂಡಿದರೆ ನನ್ನದೇ. ಹೀಗಾಗಿ ಗೊತ್ತಿಲ್ಲದೆ ಇರುವುದೇ ಕ್ಷೇಮ ಎಂಬ ತೀರ್ಮಾನಕ್ಕೆ ಬಂದಿದ್ದೆ. ಕಾರಿಡಾರಿನಲ್ಲಿ ಯಾರಾದರೂ "ಗಾಜಿನ" ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಎಷ್ಟೋ ಸಲ ಅವರು ಹೇಳುತ್ತಿದ್ದದ್ದು ಗಾಜಿನ ಲೋಟ.

ಒಂದು ಸೋಮವಾರ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ನೀಲಿ ರಟ್ಟಿನ ನೋಟುಪುಸ್ತಕ. ಮೇಲೆ ಒಂದು ಚೀಟಿ. ಅಕ್ಷರ ಬೇರೆ ಯಾರದೋ, ಹೇಳಿ ಬರೆಸಿದ್ದು. "ಇದರಲ್ಲಿ ಇರುವುದು ಸರಿಯಲ್ಲವಾದ್ದರಿಂದ ಯಾರೂ ನಂಬಿ ಮೋಸ ಹೋಗಬಾರದು. ದಯವಿಟ್ಟು ಹರಿದುಹಾಕಿ." ನಿರ್ದೇಶಕರು ಅದರ ಮೇಲೆ "ವಿಲೇವಾರಿ, ಶುಕ್ರವಾರ" ಎಂದು ಬರೆದು ನನ್ನ ಮೇಜಿಗೆ ಕಳಿಸಿದ್ದರು. ಶುಕ್ರವಾರ ಹಳೇ ಕಾಗದ ಕತ್ತರಿಸುವ ಯಂತ್ರದ ಸರದಿ. ಆ ಪಟ್ಟಿ ನೋಡಿಕೊಳ್ಳುವವನೂ ನಾನೇ. ಒರೆಸಿದ್ದು ಒಂದು ಸಲ ಸಾಲದು ಎಂದು ವಿಧಿ ಕತ್ತರಿಯನ್ನೂ ನನ್ನ ಕೈಗೇ ಕೊಟ್ಟಿತ್ತು.

ಊಟದ ಬಿಡುವಿನಲ್ಲಿ ದಾಸ್ತಾನು ಕೋಣೆಗೆ ಹೋದೆ. ತಾಯಿಗಾಜಿನ ಸ್ಕ್ಯಾನಿನಿಂದ ಅದೇ ಅಳತೆಗೆ ಅಚ್ಚು ಹಾಕಿದ ಪ್ರತಿ ಬಿಡಿಸಿ, ಕಿಟಕಿಯ ಗಾಜಿಗೆ ಅಂಟಿಸಿ, ನನ್ನ ತೆಳುಕಾಗದವನ್ನು ಮಗುಚಿ ಇಟ್ಟೆ. ಹೊರಗೆ ಒಳ್ಳೆಯ ಬಿಸಿಲಿತ್ತು.

ಕಣ್ಣಿಗೆ ಬಿದ್ದ ಸೊನ್ನೆಗಳ ಒಳಗೆಲ್ಲ ಒಂದೊಂದು ಚುಕ್ಕೆ. ಮೋಡದ ಅಂಚಿನುದ್ದಕ್ಕೂ, ಬಾಗಿಲ ಮುಂದೆ ಚಪ್ಪಲಿ ಬಿಟ್ಟ ಹಾಗೆ.

ನಿರ್ದೇಶಕರ ಕೋಣೆ ಇದ್ದದ್ದು ಹನ್ನೆರಡು ಹೆಜ್ಜೆ ದೂರದಲ್ಲಿ. ನಾನು ಹೋದದ್ದು ಎರಡು ಬಸ್ಸು ಬದಲಿಸಿ ಗಾಜಿನಕ್ಕನ ಮನೆಗೆ. ಇದನ್ನು ಧೈರ್ಯ ಅಂದುಕೊಳ್ಳಬೇಡಿ. ಅವರು ಕ್ಷಮಿಸಿಬಿಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂಬ ಆಸೆ.

ಬಾಗಿಲು ತೆಗೆದದ್ದು ಅತ್ತಿಗೆ. ದಪ್ಪ ಕನ್ನಡಕ, ಕೈಯಲ್ಲಿ ಹಿಟ್ಟು. ಹೆಸರು ಹೇಳಿದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಓ, ಕರ್ಚೀಫಿನವರು."

ಒಳಗೆ ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಗಾಜಿನಕ್ಕ ಕೂತಿದ್ದರು. ತೆಳ್ಳಗಾಗಿದ್ದರು. ಮುಂದಿನ ಸ್ಟೂಲಿನ ಮೇಲೆ ಮಾತ್ರೆಗಳನ್ನು ಬೆಳಿಗ್ಗೆಯವು, ಮಧ್ಯಾಹ್ನದವು ಎಂದು ಬಟ್ಟಲುಗಳಲ್ಲಿ ಹಂಚಿಟ್ಟಿತ್ತು.

"ಮೊದಲು ಎಲ್ಲಾ ಅವಳೇ ಮಾಡ್ಕೋತಿದ್ಲು," ಅತ್ತಿಗೆ ಅಡುಗೆಮನೆಯಿಂದಲೇ ಹೇಳಿದರು. "ಈಗ ಎರಡು ಮಾತ್ರೆ ಕೈಲಿಟ್ರೆ, ಎರಡೇನಾ ನೋಡಿ ಅತ್ತಿಗೆ, ನನ್ನ ಕಣ್ಣು ಇಲ್ಲದ್ದನ್ನ ನೋಡುತ್ತೆ ಅಂತಾಳೆ. ಪೊರೆ ಆಪರೇಷನ್‌ಗೆ ಡಾಕ್ಟರು ದಿನ ಕೊಟ್ಟಿದ್ರು. ಹೋಗ್ಲಿಲ್ಲ. ಸುಳ್ಳು ಹೇಳೋ ಕಣ್ಣಿಗೆ ಆಪರೇಷನ್ ಯಾಕೆ ಅಂತ."

ನಾನು ಕೂತಿದ್ದ ಕುರ್ಚಿ ನೆಲದೊಳಕ್ಕೆ ಇಳಿದಿದ್ದರೆ ಚೆನ್ನಾಗಿತ್ತು. ಇಳಿಯಲಿಲ್ಲ, ಗಟ್ಟಿಮುಟ್ಟಾದ ಕುರ್ಚಿ. ನಾನು ಬರೀ ಒಂದು ಕಾಗದ ಹಿಂದುಮುಂದಾಗಿದೆ ಅಂದುಕೊಂಡಿದ್ದೆ. ಇಲ್ಲಿ ಮನುಷ್ಯರೊಬ್ಬರೇ ಹಿಂದುಮುಂದಾಗಿ ಕೂತಿದ್ದರು.

ಹೇಳಿದೆ. ಬರುವಾಗ ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಗಿ, "ಅಕ್ಕ, ಮಗುಚೋ ಮೊದಲೇ ನಂಬರು ಬರೆದುಬಿಟ್ಟಿದ್ದೆ" ಎಂದಷ್ಟೇ ಬಂತು.

ಗಾಜಿನಕ್ಕ ಅಳತೆ ಮಾಡುವವರು ಕೇಳುವ ಪ್ರಶ್ನೆಯನ್ನೇ ಕೇಳಿದರು.

"ತಾಯಿಗಾಜಿಗೆ ಮಾತ್ರವೋ, ಎಲ್ಲಕ್ಕೂನೋ?"

"ನಲವತ್ತೆರಡಕ್ಕೂ."

"ಸದ್ಯ. ಕೆಲವು ಸರಿ, ಕೆಲವು ತಪ್ಪು ಆಗಿದ್ರೆ ಕಷ್ಟ ಇತ್ತು." ಮುಂದಿದ್ದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಯಾವಾಗ ಗೊತ್ತಾಯ್ತು?"

ಇದನ್ನು ಕೇಳುವುದಿಲ್ಲ ಎಂದು ಅಂದುಕೊಂಡಿದ್ದೆ. "ಸಭೇಲಿ. ನೀವೆಲ್ಲಾ ನಗ್ತಿದ್ದಾಗ."

ಆಗ ಅವರು ನನ್ನ ಕಡೆ ತಿರುಗಿದರು. ಹದಿನೆಂಟು ವರ್ಷ ಒಂದೇ ಕಚೇರಿಯಲ್ಲಿದ್ದರೂ ಅವರು ನೇರ ನನ್ನ ಮುಖಕ್ಕೆ ಮಾತಾಡಿದ್ದು ಅದೇ ಮೊದಲು. ಕಣ್ಣಿನಲ್ಲಿ ಬೂದು ಪೊರೆ. ನಾನು ಅವರಿಗೆ ಕಾಣುತ್ತಿರಲಿಲ್ಲ. ಆದರೂ ನಾನೇ ಕಣ್ಣು ತಗ್ಗಿಸಿದೆ.

"ನಾನು ನಗ್ತಿರ್ಲಿಲ್ಲ ಕೈಪಿಡಿಯವರೇ. ಎಲ್ಲರೂ ನಗೋವಾಗ ಒಬ್ಬಳೇ ಸುಮ್ಮನಿದ್ರೆ ಚೆನ್ನಾಗಿರಲ್ಲ ಅಂತ ಹಾಗೆ ಮಾಡಿದೆ."

ಒಳಗೆ ಪಾತ್ರೆಯ ಸದ್ದು ನಿಂತುಹೋಗಿತ್ತು. ಕೈಪಿಡಿ ಎಂದು ಹೆಸರಿಟ್ಟುಕೊಂಡು, ಕೈ ಹಿಡಿಯಬೇಕಾದಾಗ ಕೈಬಿಟ್ಟವನು ನಾನು ಎಂದು ಹೇಳಬೇಕು ಅನ್ನಿಸಿತು. ಅದೂ ಒಂದು ಚಮತ್ಕಾರದ ಮಾತೇ ಆಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಜೀವನದಲ್ಲಿ ಮೊದಲ ಸಲ.

"ಚಿತ್ರ ತಂದಿದ್ದೀರಾ?"

ತಂದಿದ್ದೆ, ನೀಲಿ ನೋಟುಪುಸ್ತಕವನ್ನೂ ತಂದಿದ್ದೇನೆ ಎಂದೆ. ಚಿತ್ರವನ್ನು ಅವರ ಕಿಟಕಿಗೆ ಅಂಟಿಸಿ, ಮೇಲೆ ಕಾಗದ ಸರಿಯಾದ ಮಗ್ಗುಲಿಗೆ ಇಟ್ಟೆ.

"ನನಗೆ ಕಾಣಲ್ಲ. ನಾನು ಹೇಳ್ತೀನಿ, ನೀವು ನೋಡಿ. ಸುಮ್ನೆ ಹೂಂ ಅನ್ಬೇಡಿ. ಒಳಗೆ ಚುಕ್ಕೆ ಇದ್ರೆ ಮಾತ್ರ ಇದೆ ಅನ್ನಿ." ಕಣ್ಣು ಮುಚ್ಚಿಕೊಂಡರು. "ದೊಡ್ಡದರಿಂದ ನೇರ ಕೆಳಗೆ ಬನ್ನಿ. ಮೋಡ ಮೂಗಿನ ಥರ ಚಾಚಿದೆ. ಮೂಗಿನ ತುದೀಲಿ ಮೂರು, ಒತ್ತೊತ್ತಾಗಿ."

"ಇದೆ. ಇದೆ. ಇದೆ."

"ಅದರ ಒಳಗಡೆ, ಸ್ವಲ್ಪ ಮಸುಕಾಗಿ, ಒಂದು."

"ಇದೆ."

"ಬಲಕ್ಕೆ ಎರಡು ಜೋಡಿ. ಎರಡನೇ ಜೋಡೀಲಿ ಒಂದು ಕುಳ್ಳಗೆ."

"ಇದೆ... ಇದೆ. ಕುಳ್ಳಗಿರೋದೂ ಇದೆ."

ಹೀಗೇ ಹೋಯಿತು. ಎಲ್ಲೂ ತಡವರಿಸಲಿಲ್ಲ ಅವರು. ತಮ್ಮ ಬೀದಿಯ ಮನೆಗಳನ್ನು ಹೇಳುವ ಹಾಗೆ ಹೇಳುತ್ತಾ ಹೋದರು. ನಾನು ಕಿಟಕಿಗೆ ಮೂಗು ತಾಗಿಸಿ ಇದೆ, ಇದೆ ಎನ್ನುತ್ತಾ ಹೋದೆ. ಒಂದೊಂದು ಸಲ ಹೇಳುವಾಗಲೂ ಅವರ ಬೆನ್ನು ಕುರ್ಚಿಯಲ್ಲಿ ಒಂಚೂರು ನೆಟ್ಟಗಾಗುತ್ತಿತ್ತು. ನನ್ನದು ಒಂಚೂರು ಬಾಗುತ್ತಿತ್ತು. ಅತ್ತಿಗೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತು ಬೆರಳು ಮಡಿಸಿ ಎಣಿಸತೊಡಗಿದರು.

"ಎಡಗಡೆ ಕೊನೇಲಿ, ಮೋಡದಿಂದ ದೂರ, ಒಂಟಿ ಒಂದು."

ನೋಡಿದೆ. ಸೊನ್ನೆ ಇತ್ತು, ಒಳಗೆ ಬಿಳಿ. ಈಗ ಒಂದು "ಇದೆ" ಹೇಳಿಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ನಾಲಗೆಯ ತುದಿಗೆ ಬಂತು.

"ಇದು ಇಲ್ಲ ಅಕ್ಕ."

ಅವರ ಮುಖ ಅರಳಿತು. "ಅದು ಧೂಳು ಇರಬಹುದು ಅಂತ ಆಗಲೇ ಅನುಮಾನ ಇತ್ತು ನನಗೆ! ನೋಟುಪುಸ್ತಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೀನಿ ನೋಡಿ." ಹಾಕಿದ್ದರು.

ಐವತ್ತಾರು ಇದ್ದವು.

"ಹಾಗಾದ್ರೆ ಡಾಕ್ಟರಿಗೆ ಫೋನ್ ಮಾಡ್ಲಾ?" ಅತ್ತಿಗೆ ಕೇಳಿದರು, ಸಿಡುಕಿನ ದನಿಯಲ್ಲೇ, ಕಣ್ಣು ಒರೆಸಿಕೊಂಡು. ಕೆನ್ನೆಗೆ ಹಿಟ್ಟು ಮೆತ್ತಿತು.

"ಮಾಡಿ ಅತ್ತಿಗೆ." ಆಮೇಲೆ ನನಗೆ: "ನನಗೆ ಹೇಳಿದ್ದು ಆಯ್ತು. ನಕ್ಕೋರಿಗೆ ಹೇಳ್ಬೇಕಲ್ಲ."

"ಕ್ಷಮಿಸಿ ಅಕ್ಕ" ಅಂದೆ.

"ಅದು ನೋಡೋಣ" ಅಂದರು.

ಶುಕ್ರವಾರದ ಸಭೆಯಲ್ಲಿ ಎದ್ದು ನಿಂತೆ. ಸಿಸ್ಟರ್ ಹೇಳಿದ್ದ ಅರ್ಧ ಶಿಕ್ಷೆಯ ಗಡುವು ಮುಗಿದು ಹನ್ನೊಂದು ತಿಂಗಳಾಗಿತ್ತು. ಹೇಳಬೇಕಾದ್ದು ಹೇಳಿದೆ: ತಪ್ಪು ಯಾವುದು, ಯಾರದ್ದು, ಯಾವಾಗ ಗೊತ್ತಾಯಿತು. ಕೊನೆಯದನ್ನು ಬಿಟ್ಟುಬಿಡಬಹುದಿತ್ತು; ಅತ್ತಿಗೆಯ "ಓ, ಕರ್ಚೀಫಿನವರು" ನೆನಪಾಗಿ ಬಿಡಲಿಲ್ಲ. ಸ್ಕ್ಯಾನರ್ ಮೇಡಂ ಪರದೆಯ ಮೇಲೆ ಕೆಂಪು ಸೊನ್ನೆಗಳನ್ನು ತಿರುಗಿಸಿದರು. ಅವು ಒಟ್ಟಿಗೆ ಎದ್ದು ಮೋಡದ ಅಂಚಿಗೆ ಹೋಗಿ ಕೂತವು.

ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ನಿರ್ದೇಶಕರು ಕೋಲು ಹಿಡಿದು ಪರದೆಯ ಹತ್ತಿರ ಹೋಗಿ, ಸಾಲಿನುದ್ದಕ್ಕೂ ನಿಧಾನವಾಗಿ ನೋಡಿದರು. ದೊಡ್ಡವರು ಎಂದೆನಲ್ಲ, ಆ ದಿನ ಮೊದಲ ಸಲ ನನಗೆ ಅದು ಬರೀ ಹೆಸರಿನ ಮಾತಲ್ಲ ಅನ್ನಿಸಿತು. "ನಾನೂ ಮಗುಚಿ ನೋಡಬೇಕಿತ್ತು," ಅಂದರು. "ನನಗೆ ಬೇಕಾದ ಹಾಗೇ ಇತ್ತು, ಅದಕ್ಕೇ ನೋಡಲಿಲ್ಲ." ನೋಟುಪುಸ್ತಕದ ಮೇಲಿನ "ವಿಲೇವಾರಿ" ಹೊಡೆದುಹಾಕಿದರು. ನನ್ನ ಕಡೆ ನೋಡಲಿಲ್ಲ. ಮುಂದಿನ ವಿಷಯಕ್ಕೆ ಹೋದರು.

ಎರಡು ತಿಂಗಳ ಮೇಲೆ ಗಾಜಿನಕ್ಕ ಕಚೇರಿಗೆ ಬಂದರು, ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ, ಜೊತೆಗೆ ಅತ್ತಿಗೆ. ನಲವತ್ತೆರಡು ತೆಳುಕಾಗದಗಳನ್ನೂ ತರಿಸಿ ನನ್ನ ಮುಂದೆ ಇಡಿಸಿದರು. ಒಂದೊಂದನ್ನೇ ಮಗುಚಿ, ಸರಿಯಾದ ಮುಖದ ಮೇಲೆ ನಂಬರು ಬರೆಯಬೇಕು. ಅವರು ಪಕ್ಕದಲ್ಲಿ ಕೂತು ನೋಡುತ್ತಾರೆ.

ಮೊದಲನೆಯದನ್ನು ಮಗುಚಿ ಬರೆದೆ. ಆ ಕಡೆಯ ತಪ್ಪು ನಂಬರು ಕಾಗದದ ಮೂಲಕ ಕನ್ನಡಿಬಿಂಬದಂತೆ ಕಾಣುತ್ತಿತ್ತು. ಅಸಹ್ಯವಾಗಿತ್ತು. ಶಾಯಿ ಅಳಿಸುವ ರಬ್ಬರು ತೆಗೆದುಕೊಂಡೆ.

ಕೈಗವಸಿನ ಕೈಯೊಂದು ನನ್ನ ಮಣಿಕಟ್ಟಿನ ಮೇಲೆ ಬಂತು.

"ಬೇಡ. ಒಂದು ಗೆರೆ ಎಳೀರಿ, ಪಕ್ಕದಲ್ಲಿ ನಿಮ್ಮ ಸಹಿ ಹಾಕಿ," ಅಂದರು ಗಾಜಿನಕ್ಕ, ಮುಖ ಆ ಕಡೆ ತಿರುಗಿಸಿ. "ಒಂದು ಸಲ ಒರೆಸಿದ್ದು ಸಾಕು."

ನಲವತ್ತೆರಡು ಕಡೆ ಗೆರೆ ಎಳೆದು, ನಲವತ್ತೆರಡು ಸಲ ಸಹಿ ಹಾಕಿದೆ. ಆ ಮೋಡವನ್ನು ನೋಡಬೇಕೆಂದು ಯಾರು ಬಂದು ಆ ಕಟ್ಟು ಬಿಚ್ಚಿದರೂ, ಸೊನ್ನೆಗಳಿಗಿಂತ ಮೊದಲು ಅವರಿಗೆ ಕಾಣುವುದು ಅದೇ.